ಮುಟ್ಟಿದರೆ ಸಾಯುವ ಮೊಲವೂ ತಮ್ಮ ಆರಾಮ ವಿಭಾಗವೂ

ಫಿಂಗರೋನಾ ಟೀವಿ ಆಟಗಳ ಕಂಪನಿಯ
ಆರಾಮ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ರಾಮನಗರದ ಬಂಡೆಗಳ ನೆರಳಿನಿಂದ ಮೂವರು ಹೆಂಗಸರ ಆರು ಕೈಗಳು ಜೋಡಿಸಿದ ನಮಸ್ಕಾರಗಳು. ಬಿಡದಿಯ ಕಡೆಗೆ ಕಣ್ಣು ಹಾಯಿಸಿದಾಗಲೆಲ್ಲ ಇನ್ನೊಂದು ಕಾರ್ಖಾನೆಯ ತಗಡಿನ ಚಾವಣಿ ಎದ್ದು ನಿಂತಿರುವ ಈ ಕಾಲದಲ್ಲಿ, ಆಡುವವರ ಆರಾಮಕ್ಕೆಂದೇ ಒಂದು ವಿಭಾಗ ತೆರೆದು ಅದಕ್ಕೊಬ್ಬ ಮುಖ್ಯಸ್ಥರನ್ನೂ ಕೂರಿಸಿರುವ ಕಂಪನಿಯೊಂದಿದೆ ಎಂದು ತಮ್ಮ ಡಬ್ಬಿಯ ಬೆನ್ನಿನ ಮೇಲೆ ಓದಿ ನನಗಾದ ಸಂತೋಷ ಇಷ್ಟಿಷ್ಟಲ್ಲ. ತಾವು ಕುಳಿತಿರುವ ಕುರ್ಚಿ ಹಿತವಾಗಿದೆಯೆಂದು ನಂಬಿಕೊಂಡು, ನಾವು ಕುಳಿತಿರುವ ಚಾಪೆಯ ಕಡೆಯಿಂದ ಕೆಲವು ಮಾತುಗಳನ್ನು ಬಿನ್ನವಿಸಿಕೊಳ್ಳುತ್ತೇನೆ.

ತಮ್ಮ ಆಟದ ಪೆಟ್ಟಿಗೆ ನಮ್ಮ ಮನೆಗೆ ಬಂದದ್ದು ಸೀರೆ ಅಂಗಡಿಯ ಲಕ್ಕಿ ಡ್ರಾದಲ್ಲಿ. ನಾನು ಕಣ್ಣಿಟ್ಟಿದ್ದು ಎರಡನೇ ಬಹುಮಾನದ ಕುಕ್ಕರಿನ ಮೇಲೆ. ದುರದೃಷ್ಟ, ಮೊದಲನೆಯದೇ ಬಂತು. ಮಧ್ಯಾಹ್ನಗಳನ್ನು ಕವಿತೆ ಓದಿ ಕಳೆಯುವ ಕನ್ನಡ ಎಂ.ಎ. ಹೆಂಗಸಿಗೆ ಬಂಡೆಯಿಂದ ಬಂಡೆಗೆ ಮೊಲವನ್ನು ನೆಗೆಸುವ ಆಟವೇತಕ್ಕೆ ಎಂದು ಅದನ್ನು ಅಟ್ಟಕ್ಕೆ ಹಾಕುವವಳಿದ್ದೆ. ಆದರೆ ಕೈಲಾಂಚದಿಂದ ಮೊಸರು ಮಾರಲು ಬರುವ ಮಾಯಮ್ಮನವರು ಗಡಿಗೆ ಬರಿದಾದ ಮೇಲೆ ಊರಿನ ಬಸ್ಸು ಬರುವ ತನಕ ನಮ್ಮ ಜಗುಲಿಯಲ್ಲಿ ಕಾಲು ಚಾಚಿ ಕೂರುವುದು ವಾಡಿಕೆ. ಅವರು ಒಳಗೆ ಇಣುಕಿ, "ಇದೇನವ್ವ, ಟೀವೀಗೆ ಬಾಲ ಕಟ್ಬುಟ್ಟಿದ್ದೀರಿ?" ಎಂದು ಆ ಬಾಲವನ್ನು ಹಿಡಿದವರು ಮತ್ತೆ ಬಿಡಲಿಲ್ಲ. ಪಕ್ಕದ ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಸಾಬಿರಾ ಸದ್ದು ಕೇಳಿ ಬಂದರು. ಹೀಗೆ ತಮ್ಮ ಕಂಪನಿಯ ಕೃಪೆಯಿಂದ ನಮ್ಮದೊಂದು ಮಧ್ಯಾಹ್ನದ ಸಭೆ ಸ್ಥಾಪನೆಯಾಯಿತು.

ಆಗ ಆ ಬಾಲದ ತುದಿಗೆ ಇದ್ದದ್ದು ಮೊಲವನ್ನು ಆಡಿಸುವ ತಮ್ಮ ಹಳೆಯ ಹಿಡಿಕೆ. ಅದರ ಅವಗುಣಗಳನ್ನು ತಾವೇ ಬಲ್ಲಿರಿ. ಅದರ ವೈರು ಎಷ್ಟು ಗಿಡ್ಡವೆಂದರೆ ಮೂವರೂ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡೇ ಕೂರಬೇಕಿತ್ತು. ಗುಂಡಿಗಳು ಹುಣಸೆಬೀಜದಷ್ಟು ಗಟ್ಟಿ. ಒಂದು ಆಟ ಮುಗಿಯುವಷ್ಟರಲ್ಲಿ ಹೆಬ್ಬೆರಳಿನಲ್ಲಿ ಕುಳಿ ಬೀಳುತ್ತಿತ್ತು. ಆದರೂ ಮಾಯಮ್ಮನವರು ಕನ್ನಡಕ ಹಾಕದೆ, ಹಿಡಿಕೆಯತ್ತ ನೋಡದೆ, ಬೆರಳಿಗೆ ಸಿಕ್ಕ ಉಬ್ಬನ್ನು ನಂಬಿ ಮೊಲವನ್ನು ಬೆಟ್ಟ ಹತ್ತಿಸಿಬಿಡುತ್ತಿದ್ದರು. "ಮಾಯಮ್ಮೋರೆ, ಅದ್ಕೆ ಒಸಿ ಹುಲ್ಲಾದ್ರೂ ಹಾಕ್ರೀ, ಬರೀ ಓಡುಸ್ತೀರಲ್ಲ" ಎಂದು ಸಾಬಿರಾ ಕೆಣಕಿದರೆ, "ನಿನ್ ಕೈಲಿ ಆಗಾಕಿಲ್ಲ ಅಂತ ನನ್ ಮೊಲುದ್ ಮ್ಯಾಲೆ ಕಣ್ಣಾಕ್ಬ್ಯಾಡ ಕಣಮ್ಮಿ" ಎಂಬ ಉತ್ತರ ತಕ್ಷಣ ಬರುತ್ತಿತ್ತು.

ಇಂಥ ಅನಾಗರಿಕ ಸ್ಥಿತಿಯಲ್ಲಿ ನಾವಿರುವಾಗ ತಮ್ಮ ಪ್ರತಿನಿಧಿಗಳು, ಹಳೇ ಪಾತ್ರೆಗೆ ಹೊಸ ಸ್ಟೀಲು ಕೊಡುವವರಂತೆ, ಬೀದಿಗೆ ಬಂದು ಹಳೆಯ ಹಿಡಿಕೆಯನ್ನು ಒಯ್ದು ಹೊಸ ಸ್ಪರ್ಶಫಲಕವನ್ನು ದಯಪಾಲಿಸಿದರು. ಅದರ ಚೆಲುವನ್ನು ಹೇಗೆ ಬಣ್ಣಿಸಲಿ? ಗುಂಡಿಯಿಲ್ಲ, ಉಬ್ಬಿಲ್ಲ, ತಗ್ಗಿಲ್ಲ. ಮೇಲು ಕೀಳೆಂಬ ಭೇದವೇ ಇಲ್ಲದ ಇಂಥ ಸಮತೆಯನ್ನು ಸಾಧಿಸಲು ನಮ್ಮ ಸೀಮೆಯಲ್ಲಿ ಎಷ್ಟೋ ಮಹನೀಯರು ದುಡಿದು ಸೋತಿದ್ದಾರೆ; ತಾವು ಒಂದು ಗಾಜಿನ ತುಂಡಿನಲ್ಲಿ ಸಾಧಿಸಿದಿರಿ. ಒಂದೇ ತೊಡಕೆಂದರೆ, ಎಲ್ಲಿ ಮೇಲೆ ಎಲ್ಲಿ ಕೆಳಗೆ ಎಂದು ಬೆರಳಿಗೂ ತಿಳಿಯುವುದಿಲ್ಲ.

ಫಲಕಕ್ಕೆ ನನ್ನ ಬೆರಳು ಒಪ್ಪಿಗೆಯಾಯಿತು; ಪುಸ್ತಕದ ಹಾಳೆ ತಿರುವುವುದನ್ನು ಬಿಟ್ಟು ಹೆಚ್ಚಿನದೇನನ್ನೂ ಮಾಡದ ಬೆರಳು ಅದು. ದಿನವೆಲ್ಲ ಬಿಸಿನೀರಿನ ರೇಷ್ಮೆಗೂಡುಗಳಲ್ಲಿ ಅದ್ದುವ ಸಾಬಿರಾ ಅವರ ತೇವದ ಬೆರಳು ಒಂದು ನೆಗೆತ ಕೇಳಿದರೆ ಫಲಕ ಔದಾರ್ಯದಿಂದ ಮೂರು ಕೊಟ್ಟಿತು. ಹಿಪ್ಪುನೇರಳೆ ಸೊಪ್ಪು ಕುಯ್ದು, ಹಗ್ಗ ಜಗ್ಗಿ, ಗಡಿಗೆ ಹೊತ್ತು ಜಡ್ಡುಗಟ್ಟಿದ ಮಾಯಮ್ಮನವರ ಹೆಬ್ಬೆರಳನ್ನು ಮಾತ್ರ ಅದು ಕಾಣಲೇ ಇಲ್ಲ. ಯಾರು ಯಾರನ್ನು ಮುಟ್ಟಬಹುದು, ಯಾವುದನ್ನು ಯಾವಾಗ ಮುಟ್ಟಬಾರದು ಎಂದು ನಮ್ಮವರು ಶತಮಾನಗಳ ಕಾಲ ತಲೆ ಕೆಡಿಸಿಕೊಂಡದ್ದು ಸಾಲದೆಂದೋ ಏನೋ, ತಮ್ಮ ಯಂತ್ರವೂ ಈಗ ಕೈ ನೋಡಿ ಮಣೆ ಹಾಕುತ್ತಿದೆ.

ಮಾಯಮ್ಮನವರು ಸೋಲಲಿಲ್ಲ. ಬೆರಳಿನ ಪಕ್ಕದ ಮೆತ್ತನೆಯ ಚರ್ಮದಿಂದ ತಿಕ್ಕಿ ತಿಕ್ಕಿ, ಯಂತ್ರವನ್ನು ಹೇಗೋ ಒಲಿಸಿಕೊಂಡು, ಒಂದು ಮಧ್ಯಾಹ್ನ ನಾವು ಯಾರೂ ಕಂಡಿರದ ಕೊನೆಯ ಬಂಡೆಗೆ ಮೊಲವನ್ನು ತಂದು ನಿಲ್ಲಿಸಿದರು. ಉಳಿದಿದ್ದದ್ದು ಒಂದೇ ಜೀವ. ಅಂಗೈ ಬೆವರನ್ನು ಸೆರಗಿಗೆ ಒರೆಸಿಕೊಳ್ಳಲು ಫಲಕವನ್ನು ಚಾಪೆಯ ಮೇಲಿಟ್ಟರು. ಜೋಮು ಹಿಡಿದ ಕಾಲನ್ನು ಸರಿಸುವಾಗ ಪಾದ ಅದಕ್ಕೆ ತಾಗಿತು. ಆಮೇಲೆ ಅವರು ಮಾಡಿದ್ದು, ಮಾಗಡಿಯಿಂದ ಕನಕಪುರದ ತನಕ ಯಾರಾದರೂ ಮಾಡುತ್ತಿದ್ದ ಕೆಲಸ: ಕಾಲು ತಾಗಿದ ವಸ್ತುವನ್ನು ಬೆರಳ ತುದಿಯಿಂದ ಮೃದುವಾಗಿ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಹೆಬ್ಬೆರಳಿನ ಆಜ್ಞೆಗೆ ಕಿವುಡಾಗಿದ್ದ ತಮ್ಮ ಯಂತ್ರಕ್ಕೆ ಭಕ್ತಿ ಮಾತ್ರ ಚೆನ್ನಾಗಿ ಕೇಳಿಸಿತು. ಮೊಲ ನೆಗೆದು ಪ್ರಪಾತಕ್ಕೆ ಬಿತ್ತು.

"ದೇವ್ರಿಗ್ ಕೈ ಮುಗ್ದು ಮೊಲಾನೂ ಅವನತ್ರಕ್ಕೇ ಕಳಿಸ್ಕೊಟ್ರಲ್ಲ!" ಎಂದು ಸಾಬಿರಾ ಬಿದ್ದು ಬಿದ್ದು ನಕ್ಕರು. ನಾನು ನಕ್ಕೆ. ಮಾಯಮ್ಮನವರೂ ನಕ್ಕು ಗಡಿಗೆ ಎತ್ತಿಕೊಂಡು ಹೋದರು. ಮರುದಿನ ಮೊಸರು ಕೊಟ್ಟರು, ಒಳಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ನಾನು ತಮ್ಮ ಗ್ರಾಹಕ ಸೇವೆಗೆ ಫೋನು ಮಾಡಿದೆ. ಬಹಳ ಇಂಪಾದ ದನಿಯ ಹುಡುಗಿ, "ಮೇಡಂ, ಪ್ರಾಬ್ಲಮ್ ಫಲಕದಲ್ಲಿಲ್ಲ, ಬೆರಳಲ್ಲಿರಬೇಕು. ಬೇರೆ ಬೆರಳು ಟ್ರೈ ಮಾಡಿ" ಎಂದಳು. ಹತ್ತೂ ಆಯಿತಮ್ಮ ಎಂದೆ. "ಹಾಗಿದ್ರೆ ಬೇರೆಯವರ ಬೆರಳು ಟ್ರೈ ಮಾಡಿ ಮೇಡಂ" ಎಂದಳು. ಗ್ಯಾರಂಟಿ ಅವಧಿ ಇನ್ನೂ ಮುಗಿದಿಲ್ಲವಾದ್ದರಿಂದ ಒಂದು ಜೊತೆ ಬೆರಳುಗಳನ್ನು ತಾವೇ ಕಳಿಸುವಿರೆಂದು ಕೆಲವು ದಿನ ಕಾದೆ.

ಕಡೆಗೆ ಬಸ್ ನಿಲ್ದಾಣಕ್ಕೆ ಹೋದೆ. ಮಾಯಮ್ಮನವರು ಬಿಸಿಲಲ್ಲಿ ಕಲ್ಲುಬೆಂಚಿನ ತುದಿಯಲ್ಲಿ ಗಡಿಗೆ ಇಟ್ಟುಕೊಂಡು ಕೂತಿದ್ದರು. ಬನ್ನಿ ಎಂದರೆ, "ಒತ್ತುದ್ರೆ ಕೇಳಾಕಿಲ್ಲ, ಮುಟ್ಟುದ್ರೆ ಸಾಯ್ತದೆ. ನನ್ ಕೈ ಅದ್ಕೆ ಒಗ್ಗಾಕಿಲ್ಲ ಕಣವ್ವ, ನೀವ್ ಆಡ್ಕಳಿ" ಎಂದರು. ಆಟ ಬಿಟ್ಟು ಸುಮ್ಮನೆ ಕೂರೋಣ ಬನ್ನಿ ಎಂದರೆ, "ಸುಮ್ಕೆ ಕೂರಾಕೆ ಇಲ್ಲೇ ಬೆಂಚೈತಲ್ಲ" ಎಂದರು. ನಾನು ಮನೆಗೆ ಬಂದು ಈ ಪತ್ರ ಬರೆಯಲು ಕೂತೆ.

ಆದ್ದರಿಂದ ಮಾನ್ಯರೇ, ನನ್ನ ಕೆಲವು ಸಣ್ಣ ಪ್ರಾರ್ಥನೆಗಳು. ಕನ್ನಡದಲ್ಲಿ ಬೆರಳಿಗೆ ಮುಟ್ಟುವುದು, ಒತ್ತುವುದು, ತಟ್ಟುವುದು, ಸವರುವುದು, ನೇವರಿಸುವುದು, ಚಿವುಟುವುದು ಎಂದು ಬೇರೆ ಬೇರೆ ಕೆಲಸಗಳಿವೆ, ತಮ್ಮ ಯಂತ್ರಕ್ಕೆ ಇವುಗಳಲ್ಲಿ ಎರಡನ್ನಾದರೂ ಕಲಿಸಲು ಒಬ್ಬ ಮೇಷ್ಟರನ್ನು ನೇಮಿಸಿ, ನಾನೇ ಬಿಡುವಾಗಿದ್ದೇನೆ. ಆಗದಿದ್ದರೆ, ಕ್ಷಮೆ ಕೇಳುವ ಕೈಗೂ ಕೊಲ್ಲುವ ಕೈಗೂ ಇರುವ ವ್ಯತ್ಯಾಸವನ್ನು ಪತ್ತೆಹಚ್ಚುವ ಪುಟ್ಟ ಸಾಧನವೊಂದನ್ನು ಒಳಗೆ ಕೂರಿಸಿ. ಅದೂ ಆಗದಿದ್ದರೆ ಈ ಜಿಲ್ಲೆಗೊಬ್ಬ ಇನ್ಸ್‌ಪೆಕ್ಟರನ್ನು ಕಳಿಸಿ, ಸ್ಟೇರಿಂಗಿಗೆ ಕೈಮುಗಿಯುವ ಡ್ರೈವರನಿಂದ ಹಿಡಿದು ಕತ್ತರಿಯನ್ನು ಕಣ್ಣಿಗೊತ್ತಿಕೊಳ್ಳುವ ದರ್ಜಿಯವರೆಗೆ ಎಲ್ಲರ ದುರಭ್ಯಾಸವನ್ನೂ ಬಿಡಿಸಿ. ಭಕ್ತಿಯಿಂದ ಸತ್ತ ಮೊಲಗಳಿಗೆ ಮರುಜನ್ಮ ಕೊಡುವ ಬಗ್ಗೆಯೂ ತಮ್ಮ ನಿರ್ದೇಶಕ ಮಂಡಳಿ ಯೋಚಿಸಬಹುದು.

ಇವೆಲ್ಲ ಕಷ್ಟವೆನಿಸಿದರೆ ಸುಲಭದ ದಾರಿಯೊಂದಿದೆ. ತಮ್ಮ ಗೋದಾಮಿನಲ್ಲಿ ಎಲ್ಲೋ ನಮ್ಮ ಹಳೆಯ ಹಿಡಿಕೆ ಬಿದ್ದಿರುತ್ತದೆ. ಎಡಗಡೆಯ ಗುಂಡಿ ಒಂದು ಕಡೆಗೆ ಸವೆದು ವಾಲಿದೆ, ಅದೇ ಗುರುತು. ಅದನ್ನು ರಿಪೇರಿ ಮಾಡಬೇಡಿ, ಒರೆಸಲೂ ಬೇಡಿ, ವೈರನ್ನಂತೂ ಉದ್ದ ಮಾಡಲೇಬೇಡಿ. ಹಾಗೇ ಕಳಿಸಿ. ಬೆರಳು ನೋಯುವ ಆ ಹಳೆಯ ಕಷ್ಟವನ್ನು ನಮಗೆ ಹಿಂದಿರುಗಿಸಿದರೆ, ತಮ್ಮ ವಿಭಾಗದಿಂದ ಆಗಬಹುದಾದ ಆರಾಮ ಅದೊಂದೇ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಗಿರಿಜಾಂಬ
ರಾಮನಗರ

ಬರೆದು ಮುಗಿಸಿದ ಮೇಲೆ: ಈ ಪತ್ರವನ್ನು ಬಸ್ ನಿಲ್ದಾಣದಲ್ಲಿ ಮಾಯಮ್ಮನವರಿಗೆ ಓದಿ ಹೇಳಿದೆ. "ಅದು ಬರ್ಲಿ, ಆಮ್ಯಾಕೆ ಬತ್ತೀನಿ" ಎಂದಿದ್ದಾರೆ. ಅವರಿಗೆ ಸಹಿ ಹಾಕಲು ಚೆನ್ನಾಗಿಯೇ ಬರುತ್ತದೆ. ಊರಿನ ಹಾಲಿನ ಸಂಘದಲ್ಲಿ ಅವರದೇ ದುಂಡನೆಯ ಸಹಿ. ಆದರೂ ನಾನು ಕೊಟ್ಟ ಪೆನ್ನನ್ನು ಪಕ್ಕಕ್ಕಿಟ್ಟು, ಅರ್ಜಿ ಬರೆಯುವವರ ಮೇಜಿನಿಂದ ಶಾಯಿ ಪ್ಯಾಡು ತರಿಸಿ, "ಬೆಟ್ಟು ಕಾಣಾಕಿಲ್ಲ ಅಂದೋರ್ಗೆ ಬೆಟ್ಟೇ ಕಳ್ಸನ" ಎಂದು ಕೆಳಗೆ ಹೆಬ್ಬೆಟ್ಟು ಒತ್ತಿದ್ದಾರೆ. ಕಾಗದ ಮೊದಲನೇ ಸಲಕ್ಕೇ ಅದನ್ನು ಗುರುತಿಸಿತು. ಬೇಕಾದರೆ ಯಾವ ಕಂಪನಿಯ ಕಾಗದವೆಂದು ವಿಚಾರಿಸಿ ತಿಳಿಸುತ್ತೇನೆ.