ಸಿದ್ದಗಂಗಯ್ಯನವರ ವಾಲ್ವು

ಶನಿವಾರ ಬೆಳಿಗ್ಗೆ ಆರೂವರೆಗೆ ಸಿದ್ದಗಂಗಯ್ಯನವರ ಆಂಪ್ಲಿಫೈಯರು ಎರಡು ಸಲ ಕೆಮ್ಮಿ, ಒಂದು ಸಲ ಠುಸ್ ಎಂದು ಸುಮ್ಮನಾಯಿತು. ಅದೇ ಕೆಲಸವನ್ನು ಅದು ಭಾನುವಾರ ಮಾಡಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಶನಿವಾರವೇ ಮಾಡಿದ್ದು ಸಿದ್ದಗಂಗಯ್ಯನವರ ಗ್ರಹಚಾರ.

ಅವರು ಮಧುಗಿರಿಯಲ್ಲಿ ಕಡಲೆಕಾಯಿ ಬೆಳೆಗಾರರ ಸಂಘವೊಂದರ ಗುಮಾಸ್ತರು. ಎಂಬತ್ತೆರಡನೆಯ ಇಸವಿ. ಊರಿಗೆ ಊರೇ ಟ್ರಾನ್ಸಿಸ್ಟರು, ಟೇಪ್‌ರೆಕಾರ್ಡರು ಎಂದು ಕುಣಿಯುತ್ತಿದ್ದಾಗ ಇವರೊಬ್ಬರು ಇಪ್ಪತ್ತೈದು ವರ್ಷದ ಹಳೆಯ ಆಂಪ್ಲಿಫೈಯರನ್ನು ಸಾಕಿಕೊಂಡಿದ್ದರು. ಅದು ಸಿಕ್ಕಿದ್ದು ಕೊರಟಗೆರೆಯಲ್ಲಿ, ಯಾರದೋ ಹಿತ್ತಿಲಲ್ಲಿ. ಅದರೊಳಗೆ ಆಗ ಕೋಳಿಯೊಂದು ಕಾವಿಗೆ ಕೂತಿತ್ತು. ಮರಿಗಳು ಹೊರಬರುವವರೆಗೆ ಕಾದಿದ್ದು, ಪೆಟ್ಟಿಗೆಯನ್ನು ಮನೆಗೆ ಹೊತ್ತು ತಂದು, ಎರಡು ವರ್ಷ ಅದರ ಸೇವೆ ಮಾಡಿದರು. ತುಕ್ಕು ಕೆರೆದರು, ಕಂಡೆನ್ಸರುಗಳನ್ನು ಬದಲಾಯಿಸಿದರು, ಟ್ರಾನ್ಸ್‌ಫಾರ್ಮರಿಗೆ ಹೊಸ ತಂತಿ ಸುತ್ತಿಸಿದರು. ಕೊನೆಗೊಂದು ಸಂಜೆ ರೆಕಾರ್ಡು ಹಾಕಿದಾಗ ಅದು ಹಾಡಿತು. ಆ ಸಂಜೆ ಸಿದ್ದಗಂಗಯ್ಯನವರು ಅತ್ತಿದ್ದರು. ತಮ್ಮ ಮದುವೆಯ ದಿನವೂ ಅವರ ಕಣ್ಣಲ್ಲಿ ಅಷ್ಟು ನೀರು ಬಂದಿರಲಿಲ್ಲವೆಂದು ಹೆಂಡತಿ ಸರ್ವಮಂಗಳಾ ಇಂದಿಗೂ ಹೇಳುತ್ತಾಳೆ.

ಆ ಪೆಟ್ಟಿಗೆಯ ಜೀವವಿದ್ದದ್ದು ಬೆರಳುದ್ದದ ಗಾಜಿನ ವಾಲ್ವುಗಳಲ್ಲಿ. ಸ್ವಿಚ್ಚು ಹಾಕಿದರೆ ಅವು ಮೆಲ್ಲಗೆ ಕೆಂಪಗಾಗಿ, ಚೆನ್ನಾಗಿ ಬಿಸಿಯಾದ ಮೇಲೆಯೇ ಹಾಡಲು ಒಪ್ಪುತ್ತಿದ್ದವು. ಸರ್ವಮಂಗಳಾಗೆ ಅವು ವಾಲ್ವುಗಳಲ್ಲ, ‘ಕೆಂಪು ಬಲ್ಬು’ಗಳು. ಚಳಿಗಾಲದಲ್ಲಿ ಹೆಪ್ಪು ಹಾಕಿದ ಹಾಲಿನ ಪಾತ್ರೆಯನ್ನು ಅವಳು ಪೆಟ್ಟಿಗೆಯ ಪಕ್ಕದಲ್ಲಿಡುತ್ತಿದ್ದಳು. ಎರಡು ಹಾಡು ಮುಗಿಯುವಷ್ಟರಲ್ಲಿ ಗಟ್ಟಿ ಮೊಸರು.

ಇಂಥ ಸುಖದ ನಡುವೆ ಸಂಘದ ಆಜ್ಞೆ ಬಂದಿತ್ತು. ಸೋಮವಾರದಿಂದ ಸಿದ್ದಗಂಗಯ್ಯನವರು ಪಾವಗಡದ ಶಾಖೆಯಲ್ಲಿ ಕೆಲಸಕ್ಕೆ ಹಾಜರಾಗಬೇಕು. ಪಾವಗಡದ ಬಿಸಿಲಿಗೆ ಅವರು ಹೆದರುವವರಲ್ಲ. ಹೆದರಿದ್ದು ಅಲ್ಲಿನ ವೋಲ್ಟೇಜಿಗೆ. ದೀಪ ಹಚ್ಚುವ ಹೊತ್ತಿಗೆ ಅಲ್ಲಿ ಬಲ್ಬುಗಳು ಬೀಡಿಯ ತುದಿಯಷ್ಟೇ ಉರಿಯುತ್ತವೆಂದು ಯಾರೋ ಹೇಳಿಬಿಟ್ಟಿದ್ದರು. ಅಷ್ಟು ಕರೆಂಟಿನಲ್ಲಿ ಅವರ ಪೆಟ್ಟಿಗೆ ಹಾಡುವುದಿರಲಿ, ನರಳುವುದೂ ಸಾಧ್ಯವಿರಲಿಲ್ಲ.

ಆದರೆ ಒಂದು ಆಸೆ ಇತ್ತು. ಸಂಘದ ಸೆಕ್ರೆಟರಿ ಕದಿರಯ್ಯನವರಿಗೆ ಹಳೆಯ ಹಾಡುಗಳೆಂದರೆ ಪ್ರಾಣ. “ಶನಿವಾರ ಸಂಜೆ ಆರಕ್ಕೆ ನಿಮ್ಮನೆಗೆ ಬರ್ತೀನಿ ಸಿದ್ದಗಂಗಯ್ಯ. ನಿಮ್ಮ ಪೆಟ್ಟಿಗೇಲಿ ನಾಕು ಹಾಡು ಕೇಳೋಣ, ವರ್ಗದ ವಿಷ್ಯಾನೂ ಮಾತಾಡೋಣ” ಎಂದಿದ್ದರು. ಆ ಶನಿವಾರವೇ ಈ ಶನಿವಾರ.

ಸಿದ್ದಗಂಗಯ್ಯನವರು ಪೆಟ್ಟಿಗೆಯ ಬೆನ್ನು ಬಿಚ್ಚಿ ನೋಡಿದರು. ಒಂದು ವಾಲ್ವಿನ ನೆತ್ತಿಯ ಮೇಲೆ ಬೆಳ್ಳಿಯಂತೆ ಹೊಳೆಯುತ್ತಿದ್ದ ಲೇಪ ಹಾಲಿನಂತೆ ಬೆಳ್ಳಗಾಗಿತ್ತು. ಗಾಜು ಎಲ್ಲೋ ಕೂದಲೆಳೆಯಷ್ಟು ಸೀಳಿ ಒಳಗೆ ಗಾಳಿ ಹೋಗಿತ್ತು. ಇನ್ನು ಅದಕ್ಕೆ ಬೇರೆ ವಾಲ್ವೇ ಗತಿ. ಬೇರೆ ವಾಲ್ವು ಸಿಕ್ಕರೆ ಸಿರಾದ ಗಫಾರ್ ಸಾಬರ ರೇಡಿಯೋ ಅಂಗಡಿಯಲ್ಲೇ ಸಿಗಬೇಕು. ಸರ್ವಮಂಗಳಾ ನಲ್ಲಿಗೆ ಹೋಗಿದ್ದಳು. ಏಳೂಕಾಲಿಗೆ ಬಸ್ಸು. ಪಕ್ಕದ ಮನೆಯ ಓಬಳಮ್ಮ ಗೋಡೆಯಾಚೆ ಅಂಗಳ ಗುಡಿಸುತ್ತಿದ್ದಳು.

“ಓಬಳಮ್ಮಾ, ವಾಲ್ವು ಹೋಗ್ಬಿಡ್ತು. ಒಳಗೆ ಗಾಳಿ ಸೇರ್ಕೊಂಡಿದೆ. ಸಿರಾಕ್ಕೆ ಹೋಗ್ತಾ ಇದೀನಿ ಅಂತ ನಮ್ಮನೆಯವರಿಗೆ ಹೇಳ್ಬಿಡಿ!”

“ಗಾಳಿ ಸೇರ್ಕಂಡೈತಾ? ನಮ್ಮತ್ತೆಗೂ ಇಂಗೇ ಆಗಿತ್ತು ಕಣಣ್ಣ. ಬೆಳ್ಳುಳ್ಳಿ ಸುಟ್ಟು ತಿಂದ್ರೆ ಎಲ್ಲಾ ಹೊಂಟೋಯ್ತದೆ” ಎಂದಳು ಓಬಳಮ್ಮ.

ಬೆಳಗಾಗೆದ್ದು ತಮಾಷೆ ಮಾಡುತ್ತಾಳಲ್ಲ ಎಂದುಕೊಂಡು ಸಿದ್ದಗಂಗಯ್ಯನವರು ಓಡಿದರು.

ಬಸ್‌ಸ್ಟ್ಯಾಂಡಿನಲ್ಲಿ ಸಹೋದ್ಯೋಗಿ ಚನ್ನಮಲ್ಲಯ್ಯ ಕಾಫಿ ಕುಡಿಯುತ್ತಿದ್ದ. ಮದುವೆಯಾಗದ, ಪಾವಗಡದ ಕಡೆಯ ಆಸಾಮಿ. ತೆಲುಗಿಲ್ಲದೆ ಅವನ ಕನ್ನಡ ಮುಂದೆ ಹೋಗುತ್ತಿರಲಿಲ್ಲ. ಸಿದ್ದಗಂಗಯ್ಯನವರು ಅಲ್ಲೇ ಒಂದು ಕಾಗದದಲ್ಲಿ ರಜಾ ಚೀಟಿ ಗೀಚಿ ಅವನ ಕೈಗೆ ಕೊಟ್ಟು ಬಸ್ಸು ಹತ್ತಿದರು. ಚೀಟಿ ಹೀಗಿತ್ತು: “ಮಾನ್ಯರೇ, ನನ್ನ ವಾಲ್ವು ಹೋಗಿರುವುದರಿಂದ ಬೇರೆ ವಾಲ್ವು ಹಾಕಬೇಕಾಗಿದ್ದು, ತುರ್ತಾಗಿ ಸಿರಾಕ್ಕೆ ಹೊರಟಿರುವ ಪ್ರಯುಕ್ತ ಈ ದಿನ ರಜೆ ಮಂಜೂರು ಮಾಡಬೇಕೆಂದು ಬೇಡುತ್ತೇನೆ. ಸಂಜೆ ಆರಕ್ಕೆ ತಾವು ತಪ್ಪದೆ ಮನೆಗೆ ದಯಮಾಡಿಸಬೇಕು. ಸೋಮವಾರದ ಮೇಲೆ ನಾನು ಇರುತ್ತೇನೋ ಇಲ್ಲವೋ.”

ಚನ್ನಮಲ್ಲಯ್ಯ ಚೀಟಿಯನ್ನು ಮೂರು ಸಲ ಓದಿದ. ಹಿಂದಿನ ವರ್ಷ ಅವನ ಸೋದರಮಾವನಿಗೆ ವೆಲ್ಲೂರಿನಲ್ಲಿ ಹೃದಯ ಕೊಯ್ದು ವಾಲ್ವು ಹಾಕಿದ್ದರು. ಅವನ ಪ್ರಪಂಚದಲ್ಲಿ ವಾಲ್ವು ಇರುವ ಜಾಗ ಅದೊಂದೇ.

“ಅಯ್ಯಯ್ಯೋ, ಏಮಿ ಖರ್ಮ ಇದಿ!” ಎಂದವನು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಕಚೇರಿಯ ಕಡೆ ಓಡಿದ.

ಇತ್ತ ಸಿರಾದಲ್ಲಿ ಗಫಾರ್ ಸಾಬರು ಅಂಗಡಿ ತೆಗೆದದ್ದೇ ಹನ್ನೊಂದಕ್ಕೆ. ವಾಲ್ವು ಎಂಬ ಮಾತು ಕೇಳಿ ಅವರು ನಕ್ಕರು.

“ಅರೆ ಭಾಯ್, ಯಾವ ಜಮಾನದಾಗೆ ಇದೀರಿ? ಒಂದು ಟ್ರಾನ್ಸಿಸ್ಟರ್ ಸೆಟ್ ತಗಳ್ರಿ, ಆರಾಮ್ ಇರ್ರಿ.”

“ಸಾಬ್ರೇ, ಇವತ್ತು ಸಂಜೆ ಆ ಪೆಟ್ಟಿಗೆ ಹಾಡ್ದೇ ಇದ್ರೆ ನಾನು ಪಾವಗಡದ ಪಾಲು.”

ಸಿದ್ದಗಂಗಯ್ಯನವರ ಮುಖ ನೋಡಿ ಸಾಬರ ಮನಸ್ಸು ಕರಗಿತು. ಅಟ್ಟ ಹತ್ತಿ, ಸತ್ತ ರೇಡಿಯೋಗಳ ರಾಶಿಯನ್ನೆಲ್ಲ ಕೆದಕಿ, ಮಧ್ಯಾಹ್ನದ ನಮಾಜು ಮುಗಿಸಿ ಬಂದು ಮತ್ತೆ ಕೆದಕಿ, ಎರಡೂವರೆಯ ಹೊತ್ತಿಗೆ ಮೈತುಂಬ ಜೇಡರ ಬಲೆ ಹೊದ್ದುಕೊಂಡು ಇಳಿದರು. ಕೈಯಲ್ಲಿ ಒಂದು ವಾಲ್ವು ಇತ್ತು. ಪರೀಕ್ಷೆ ಮಾಡಿದರೆ ಕೆಂಪಗೆ ಉರಿಯಿತು.

“ಆಖ್ರಿ ಪೀಸ್ ಐತೆ ನೋಡ್ರಿ. ಇದು ಒಡದ್ರೆ ಖತಂ, ನಮ್ ಹತ್ರ ಬರಬ್ಯಾಡ್ರಿ. ಚೀಲದಾಗೆ ಹಾಕಬ್ಯಾಡ್ರಿ. ಮೇಲ್ ಜೇಬ್ನಾಗೆ ಇಟ್ಕಂಡು ಮೇಲೆ ಕೈ ಮಡಿಕ್ಕಳ್ರಿ. ಕುಲುಕಂಗಿಲ್ಲ!”

ಸಿದ್ದಗಂಗಯ್ಯನವರು ಅಕ್ಷರಶಃ ಹಾಗೇ ಮಾಡಿದರು. ವಾಲ್ವನ್ನು ಕರ್ಚೀಫಿನಲ್ಲಿ ಸುತ್ತಿ ಎಡ ಜೇಬಿಗೆ ಇಳಿಸಿ, ಅದರ ಮೇಲೆ ಬಲಗೈ ಇಟ್ಟುಕೊಂಡು, ಕಾಲ ಬುಡ ನೋಡಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಬಸ್ಸು ಹತ್ತಿದರು. ಬಸ್ಸು ಒಂದು ಗುಂಡಿಗೆ ಇಳಿದಾಗ “ಅಯ್ಯೋ!” ಎಂದು ಎದೆ ಒತ್ತಿಕೊಂಡರು. ಕಂಡಕ್ಟರು ಅವರ ಮುಖಕ್ಕೆ ಬಗ್ಗಿದ.

“ಏನ್ ಸಾ, ಎದೆ ನೋಯ್ತಾ ಐತಾ?”

“ಇಲ್ಲಪ್ಪ, ವಾಲ್ವು. ಕುಲುಕಬಾರದು ಅಂದಿದಾರೆ.”

ಕಂಡಕ್ಟರು ಹೌಹಾರಿ ಸೀಟಿ ಊದಿದ. “ಅಣ್ಣೋ, ಮೆಲ್ಲಕ್ಕೋಡ್ಸು! ಇಲ್ಲೊಬ್ರು ಎದೆ ಪೇಸೆಂಟ್ ಅವ್ರೆ!”

ಹಿಂದಿನ ಸೀಟಿನ ಮುದುಕಿಯೊಬ್ಬಳು ಎದ್ದು ತನ್ನ ಜಾಗವನ್ನೂ ಬಿಟ್ಟುಕೊಟ್ಟಳು. “ಮಲಿಕ್ಕಳಪ್ಪಾ, ನನ್ನಪ್ಪ, ಮಲಿಕ್ಕ. ಚಿಕ್ಕ ವಯಸ್ಗೇ ಇಂಗಾಗ್ಬುಡ್ತಲ್ಲಪ್ಪಾ.”

ಸಿದ್ದಗಂಗಯ್ಯನವರು ನಿಜ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಬಸ್ಸು ಹೂವಿನ ಮೇಲೆ ಹೋದಂತೆ ಹೋಗತೊಡಗಿತ್ತು. ವಾಲ್ವಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೇನಿದೆ? ಬಾಯಿ ಮುಚ್ಚಿ ಉದ್ದಕ್ಕೆ ಮಲಗಿಬಿಟ್ಟರು. ಆ ಸುಖಕ್ಕೆ ತೆತ್ತದ್ದು ಹೊತ್ತು. ಎತ್ತಿನ ಗಾಡಿಯೊಂದು ಬಸ್ಸನ್ನು ಹಿಂದೆ ಹಾಕಿ ಹೋಯಿತು. ಬಡವನಹಳ್ಳಿಯಲ್ಲಿ ಬಸ್ಸು ನಿಲ್ಲಿಸಿ ಅವರಿಗೆ ಸೋಡಾ ಕುಡಿಸಿದರು, ಒಬ್ಬರು ಅಂಗಾಲು ಉಜ್ಜಿದರು, ಇನ್ನೊಬ್ಬರು ಟವಲಿನಿಂದ ಗಾಳಿ ಬೀಸಿದರು. ಮಧುಗಿರಿ ಸೇರುವಾಗ ಗಂಟೆ ಆರೂಮುಕ್ಕಾಲು.

ಸೆಕ್ರೆಟರಿ ಬಂದು ಕಾದು ಹೋಗಿಬಿಟ್ಟಿರುತ್ತಾರೆಂದು ಸಿದ್ದಗಂಗಯ್ಯನವರ ಜೀವ ಬಾಯಿಗೆ ಬಂದಿತ್ತು. ಬೀದಿ ತಿರುಗಿದರೆ ತಮ್ಮ ಮನೆಯ ಮುಂದೆ ಹತ್ತಿಪ್ಪತ್ತು ಜೊತೆ ಚಪ್ಪಲಿ! ಹಾಡು ಕೇಳಲು ಇಷ್ಟು ಜನ ಬಂದಿದ್ದಾರಲ್ಲ ಎಂದು ಅವರ ಮುಖ ಅರಳಿತು. ಎದೆಯ ಮೇಲಿನ ಕೈ ತೆಗೆಯದೆ ಒಳಗೆ ಕಾಲಿಟ್ಟರು.

“ಬಂದ್ರು! ಬಂದ್ರು! ಜೀವ್ಸಹಿತ ಬಂದ್ರು!” ಎಂದು ಓಬಳಮ್ಮ ಕೂಗಿದಳು. ಇಬ್ಬರು ರಟ್ಟೆಗೆ ಕೈ ಕೊಟ್ಟರು. ಸರ್ವಮಂಗಳಾ ಅಳುತ್ತ ಕಾಲ ಹತ್ತಿರ ಕೂತಳು. ಕುರ್ಚಿಯ ಮೇಲೆ ಮೂಸಂಬಿಯ ಚೀಲ ಹಿಡಿದು ಕದಿರಯ್ಯನವರು ಕೂತಿದ್ದರು. ಅವರ ಕಣ್ಣೂ ಕೆಂಪಗಾಗಿತ್ತು.

“ತಡವಾಯ್ತು ಸಾರ್, ಕ್ಷಮಿಸ್ಬೇಕು. ಆದ್ರೆ ವಾಲ್ವು ಸಿಕ್ತು!” ಎಂದು ಸಿದ್ದಗಂಗಯ್ಯನವರು ಎದೆ ತಟ್ಟಿ ತೋರಿಸಿದರು. “ಇಲ್ಲೇ ಇದೆ.”

“ಇವತ್ತೇ ಹಾಕಿ ಕಳಿಸ್ಬಿಟ್ರಾ? ಸಿರಾದಲ್ಲಿ?” ಕದಿರಯ್ಯನವರು ಎದ್ದು ನಿಂತರು.

“ಹಾಕೋದೇನು ಸಾರ್, ಐದು ನಿಮಿಷದ ಕೆಲಸ. ನಾನೇ ಹಾಕ್ತೀನಿ. ಒಂದು ಸ್ಕ್ರೂಡ್ರೈವರ್ ಸಾಕು.”

ಸರ್ವಮಂಗಳಾ ಕಿಟಾರನೆ ಕಿರುಚಿದಳು. ಕದಿರಯ್ಯನವರು ತಾವೇ ಹಿಡಿದು ಅವರನ್ನು ಚಾಪೆಯ ಮೇಲೆ ಮಲಗಿಸಿದರು.

“ಮಾತಾಡ್ಬೇಡಿ ಸಿದ್ದಗಂಗಯ್ಯ. ನಿಮ್ಮ ಚೀಟಿ ಓದಿ ನನಗೆ ಊಟ ಸೇರಲಿಲ್ಲ. ಹೃದಯದ ರೋಗ ಇಟ್ಕೊಂಡು ಒಂದು ದಿನ ಬಾಯಿ ಬಿಡ್ಲಿಲ್ಲವಲ್ರೀ. ನಿಮ್ಮನ್ನ ಪಾವಗಡಕ್ಕೆ ಕಳಿಸೋಕೆ ನಾನೇನು ಕಟುಕನಾ? ಮಧ್ಯಾಹ್ನವೇ ಅಧ್ಯಕ್ಷರ ಹತ್ರ ಹೋಗಿ ನಿಮ್ಮ ವರ್ಗ ರದ್ದು ಮಾಡಿಸ್ದೆ. ಇಗೋ ಆರ್ಡರು. ಮಧುಗಿರಿ ಬಿಟ್ಟು ನಿಮ್ಮನ್ನ ಇನ್ನು ಯಾರೂ ಅಲ್ಲಾಡಿಸೋ ಹಾಗಿಲ್ಲ.”

ಚೀಟಿಯಲ್ಲಿ ತಾವು ಏನು ಬರೆದಿದ್ದೆವೆಂಬುದು ಸಿದ್ದಗಂಗಯ್ಯನವರಿಗೆ ಆಗ ನೆನಪಾಯಿತು. ಎಲ್ಲವೂ ಅರ್ಥವಾಯಿತು. ನಿಜ ಹೇಳಬೇಕೆಂದು ಒಂದು ಗಳಿಗೆ ಅನ್ನಿಸಿತು ಕೂಡ. ಆದರೆ ಆರ್ಡರಿನ ಮೇಲಿನ ಮೊಹರು ನೋಡಿದರು, ಮತ್ತೆ ಮಲಗಿದರು. ಕಣ್ಣು ಅರೆಮುಚ್ಚಿ, ತೆಳುವಾಗಿ ಒಂದು ಸಲ ಕೆಮ್ಮಿದರು. ಅಷ್ಟು ಚೆನ್ನಾಗಿ ತಮಗೆ ನಟನೆ ಬರುತ್ತದೆಂದು ಅವರಿಗೇ ಗೊತ್ತಿರಲಿಲ್ಲ. ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿಕೊಂಡು, ವಾಲ್ವು ಸಿಕ್ಕಿಸಿ, ಸಣ್ಣ ದನಿಯಲ್ಲಿ ಒಂದು ಹಾಡು ಕೇಳಿದರಾಯಿತು ಎಂದು ಸುಖವಾಗಿ ಮೂಲೆಯ ಮೇಜಿನತ್ತ ಕಣ್ಣು ಹೊರಳಿಸಿದರು.

ಮೇಜು ಬರಿದಾಗಿತ್ತು.

“ಪೆಟ್ಟಿಗೆ... ಪೆಟ್ಟಿಗೆ ಎಲ್ಲೇ?”

“ಅದರ ಚಿಂತೆ ಬಿಡಿ ನೀವು” ಎಂದು ಸರ್ವಮಂಗಳಾ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಎದೆ ರೋಗದವರಿಗೆ ಜೋರು ಶಬ್ದ ಆಗಬಾರದಂತೆ, ಆಸ್ಪತ್ರೆ ಕಾಂಪೌಂಡರು ಹೇಳಿದ್ರು. ಮನೇಲಿದ್ರೆ ನೀವು ಹಾಕದೇ ಇರ್ತೀರಾ? ಚನ್ನಮಲ್ಲಯ್ಯನವರು ನಿಮ್ಮ ಬದಲಿಗೆ ತಾವೇ ಪಾವಗಡಕ್ಕೆ ಹೋಗ್ತೀನಿ ಅಂತ ಒಪ್ಕೊಂಡ್ರು. ದೇವರಂಥ ಮನುಷ್ಯ. ಒಬ್ಬೊಬ್ಬರೇ ಇರೋರು, ಬೇಜಾರಾಗುತ್ತೆ ಅಂತ ನಾನೇ ಕೊಟ್ಟುಬಿಟ್ಟೆ. ಐದು ಗಂಟೆ ಬಸ್ಸಿಗೆ ಟಾಪಿನ ಮೇಲೆ ಕಟ್ಟಿಸ್ಕೊಂಡು ಹೋದ್ರು.”

“ಟಾಪಿನ ಮೇಲೆ!”

“ನನಗೇನೂ ಬೇಜಾರಿಲ್ಲ ಬಿಡಿ” ಎಂದರು ಕದಿರಯ್ಯನವರು ಧೈರ್ಯ ತುಂಬುವ ದನಿಯಲ್ಲಿ. “ತಿಂಗಳಿಗೊಂದು ಸಲ ಪಾವಗಡಕ್ಕೆ ತಪಾಸಣೆಗೆ ಹೋಗೇ ಹೋಗ್ತೀನಿ. ಹಾಡು ಅಲ್ಲೇ ಕೇಳ್ಕೋತೀನಿ.”

ಸಿದ್ದಗಂಗಯ್ಯನವರಿಗೆ ನಿಜವಾಗಿಯೂ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಬಿಸಿಲಾಗಲಿ, ಬೀಡಿ ತುದಿಯ ಕರೆಂಟಾಗಲಿ, ಪೆಟ್ಟಿಗೆಯ ಪಕ್ಕದಲ್ಲಿ ತಾವಿರಬೇಕು, ಅಷ್ಟೇ. ಚಾಪೆಯಿಂದ ಚಂಗನೆ ನೆಗೆದು ಸೆಕ್ರೆಟರಿಯ ಎರಡೂ ಕೈ ಹಿಡಿದುಕೊಂಡರು.

“ಸಾರ್, ನನಗೇನೂ ಆಗಿಲ್ಲ ಸಾರ್! ನನ್ನ ವಾಲ್ವು ಸರಿಯಾಗಿದೆ, ಹೋಗಿದ್ದು ಪೆಟ್ಟಿಗೇದು! ಚನ್ನಮಲ್ಲಯ್ಯನ್ನ ವಾಪಸ್ ಕರೆಸಿ. ನಿಮ್ಮ ಕಾಲಿಗೆ ಬೀಳ್ತೀನಿ, ನನ್ನನ್ನ ಪಾವಗಡಕ್ಕೇ ಹಾಕಿ!”

ಕದಿರಯ್ಯನವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು.

“ನೋಡ್ರಪ್ಪ, ಮನುಷ್ಯ ಅಂದ್ರೆ ಹಿಂಗಿರ್ಬೇಕು. ಇಂಥ ಸ್ಥಿತೀಲೂ ತನ್ನಿಂದ ಇನ್ನೊಬ್ಬನಿಗೆ ತೊಂದರೆ ಆಗಬಾರದು ಅಂತ ಸುಳ್ಳು ಹೇಳ್ತಾರೆ” ಎಂದರು. ಆಮೇಲೆ ಸಿದ್ದಗಂಗಯ್ಯನವರ ಭುಜ ಹಿಡಿದು ಮೆಲ್ಲಗೆ ಚಾಪೆಗೆ ಒತ್ತಿದರು. “ಮಲಗಿ. ನಾನು ಸೆಕ್ರೆಟರಿ ಆಗಿರೋವರೆಗೂ ನಿಮ್ಮನ್ನ ಪಾವಗಡದ ಕಡೆ ಬಸ್ಸು ಹತ್ತೋಕೂ ಬಿಡಲ್ಲ.”