ಪುಡಿ ಹೊರಬರುವ ದಾರಿ

ಅನಘಾ, ಪ್ರಣವ, ಕೇಳಿ. ನಿಮ್ಮ ಸಣ್ಣಜ್ಜನಂಥ, ಅಂದರೆ ನನ್ನ ಮೈದುನನಂಥ ಪ್ರಾಣಿ ಇಡೀ ಪುಣೆಯಲ್ಲಿ ಇನ್ನೊಂದಿಲ್ಲ. ಇದ್ದರೆ ದಯವಿಟ್ಟು ನನ್ನ ಮನೆಗೆ ಮಾತ್ರ ಕರೆತರಬೇಡಿ!

ಅವನ ಕೆಲಸ ಪುಣೆಯ ಅಂಚಿನ ಭೋಸರಿಯ ಒಂದು ಕಾರ್ಖಾನೆಯಲ್ಲಿ. ಎಣ್ಣೆಯಿಂದ ನಡೆಯುವ ಟರ್ಬೈನಿನೊಳಗೆ ಬೆಂಕಿ ಉರಿಯುವ ಕೋಣೆಯೊಂದಿರುತ್ತದಂತೆ. ಅದರೊಳಗೆ ಎಣ್ಣೆ ಚಿಮುಕಿಸುವ ನಾಝಲ್ ಮಾಡುತ್ತಾನೆ. "ಪ್ರಿಂಟ್ ಮಾಡ್ತೀವ್ರಿ ವೈನಿ" ಎಂದು ಅತ್ತಿಗೆಯಾದ ನನಗೆ ಹೇಳಿದ ಮೊದಲ ದಿನ ನಾನು ಕೇಳಿದೆ: "ಕನ್ನಡದಾಗೋ, ಮರಾಠಿಯಾಗೋ?" ಎರಡು ದಿನ ನಕ್ಕ! ಆಮೇಲೆ ತಿಳಿಯಿತು: ಲೋಹದ ಪುಡಿಯನ್ನು ತೆಳ್ಳಗೆ ಹರವಿ, ಬೇಕಾದಲ್ಲಿ ಮಾತ್ರ ಲೇಸರಿನಿಂದ ಕರಗಿಸಿ, ಮತ್ತೆ ಪುಡಿ, ಮತ್ತೆ ಲೇಸರ್. ಹೀಗೆ ಪದರದ ಮೇಲೆ ಪದರ.

ಅಂದಿನಿಂದ ತೂತಿರುವ ಯಾವ ವಸ್ತುವೂ ನನ್ನ ಮನೆಯಲ್ಲಿ ಸುಖವಾಗಿಲ್ಲ. ಶ್ಯಾವಿಗೆ ಒತ್ತುವ ಯಂತ್ರ ಬಿಚ್ಚಿದ. ಬಚ್ಚಲಿನ ಶಾವರ್ ಬಿಚ್ಚಿದ. ಬೀಗರ ಮನೆಗೆ ಊಟಕ್ಕೆ ಹೋದರೆ, ಕೈ ತೊಳೆಯುವ ನಳದ ಮೂತಿ ಬಿಚ್ಚಿ ಹಿಡಿದುಕೊಂಡೇ ಪಂಕ್ತಿಗೆ ಬಂದ! ನಾನು ಮುಖ ಎಲ್ಲಿಡಲಿ? ಮೊದಲೇ ನಾಲ್ಕು ಜನರೆದುರು ಬಾಯಿ ಬಿಡಲಾರದವಳು.

ಒಂದು ಸಂಜೆ ರೊಟ್ಟಿ ಮುಟ್ಟದೆ ಕೂತ.

"ಏನಾತೋ?"

"ಸ್ಪ್ರೇ ಒಂದ ಕಡೆ ವಾಲತದ್ರಿ. ಹಿಂಗ ಉರಿದ್ರ ಒಳಗಿನ ಗ್ವಾಡೀನ ಸುಟ್ಟು ಹೋಗ್ತದ. ಕಾರ್ಖಾನ್ಯಾವ್ರು ಇನ್ನೊಂದ ಸಲಾ ನೋಡ್ತಾರಂತ. ಆಗಲಿಲ್ಲಂದ್ರ ಪ್ರಿಂಟ್ ಬಂದ್, ನಾನೂ ಬಂದ್."

"ಸ್ಟೋವಿನ ಉರಿ ವಾಲಿದ್ರ ಕಸಾ ಕೂತದ ಅಂತ ಅರ್ಥ. ಪಿನ್ ಹಾಕು."

"ಒಳಗ ಪುಡೀನ ಕೂತದ್ರಿ. ಆದ್ರ ದಾರಿ ಚಕ್ಕಲಿ ಹಂಗ ಸುತ್ತೇದ, ಪಿನ್ ಹೋಗೂದಿಲ್ಲ. ಯಾವ ಡ್ರಿಲ್ಲಿಗೂ ಮಾಡ್ಲಿಕ್ಕೆ ಆಗದ ದಾರಿ ಅದು!"

ಹೆಮ್ಮೆ ಬೇರೆ!

"ಕಸಾ ಹೊರಗ ಬರದ ದಾರಿ ಯಾಕ ಮಾಡಿದಿ, ಶಾಣ್ಯಾ? ಬಚ್ಚಲಾ ಕಟ್ಟಾವ್ರೂ ಮೋರಿ ಬಿಡ್ತಾರ!"

ಅವನು ನಗಲಿಲ್ಲ. ತಾಟು ಸರಿಸಿ ನಾಝಲಿನ ನಕಾಶೆ ಹರವಿದ, ನನ್ನ ಕೈಗೆ ಪೆನ್ಸಿಲ್ ಕೊಟ್ಟ. "ಮೋರಿ ಎಲ್ಲಿ ಬಿಡ್ಲಿ? ನೀವ ಹೇಳ್ರಿ."

ಹೆದರುತ್ತಲೇ ತಿರುವಿನ ತಗ್ಗಿನಲ್ಲಿ ಚುಕ್ಕೆ ಇಟ್ಟೆ. ಅಲ್ಲೊಂದು ತೂತು ಬಿಟ್ಟು, ಪುಡಿ ಉದುರಿಸಿ ಆಮೇಲೆ ಬೆಸುಗೆ ಹಾಕಿ ಮುಚ್ಚಿದರಾಯಿತು ಎಂದ.

ಹೊಸ ನಾಝಲಿನ ಪರೀಕ್ಷೆಯ ದಿನ ಫೋನ್ ಬಂತು. "ಸ್ಪ್ರೇ ಗುಂಡಗ ಬಂತ್ರಿ, ವೈನಿ" ಎಂದ. ನಿಮ್ಮ ಅಜ್ಜ ಹೋದ ಮೇಲೆ ಊಟವಾಯಿತೇ ಎಂದು ಎಲ್ಲರೂ ಕೇಳಿದ್ದಾರೆ. ನಿನಗೇನು ತೋಚುತ್ತದೆ ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ.

ಆ ನಕಾಶೆಯನ್ನು ನಿಮಗಾಗಿ ಬರೆದ ಈ ಹಾಳೆಗಳ ನಡುವೆ ಮಡಿಚಿಟ್ಟಿದ್ದೇನೆ. ಒದ್ದೆ ಕೈಯಲ್ಲಿ ಮುಟ್ಟಬೇಡಿ ಮಕ್ಕಳೇ, ಪೆನ್ಸಿಲ್ ಬೇಗ ಅಳಿಸುತ್ತದೆ. ಎಲ್ಲವನ್ನೂ ಜೋಪಾನವಾಗಿಡಿ.