ನನ್ನ ಚೀಲದ ಮೂರು ಸ್ಟವ್‌ಗಳು

ಹೆರಿಗೆ ಮಾಡಿಸುವವರಿಗೆ ನಗು ಯಾವತ್ತೂ ತಡವಾಗಿ ಬರುತ್ತದೆ. ಆ ಹೊತ್ತಿನಲ್ಲಿ ಕೈತುಂಬ ಕೆಲಸವಿರುತ್ತದೆ. ವಾರ ಕಳೆದು ಬಸ್ಸಿನಲ್ಲಿ ಕೂತಾಗ ಒಬ್ಬಳೇ ನಗುತ್ತೇನೆ, ಪಕ್ಕದವರು ಸರಿದು ಕೂರುತ್ತಾರೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಹಳ್ಳಿಗಳಿಗೆ ನರ್ಸ್ ಆಗಿ ಬಂದೆ. ಕತ್ತರಿ, ದಾರ, ಗಾಜಿನ ಸಿರಿಂಜು ಎಲ್ಲವನ್ನೂ ಇಪ್ಪತ್ತು ನಿಮಿಷ ಕುದಿಸಬೇಕು. ಇಲ್ಲದಿದ್ದರೆ ಹೊಕ್ಕುಳಬಳ್ಳಿಗೆ ಮನೆಯ ಕುಡುಗೋಲೇ ಗತಿ. ಕುಡುಗೋಲು ತಾಗಿದ ಕೂಸೊಂದು ಎಂಟನೇ ದಿನ ಧನುರ್ವಾಯುವಿನಿಂದ ಸೆಟೆದುಕೊಂಡು ಸತ್ತಿದ್ದನ್ನು ಕಂಡಿದ್ದೆ. ಆ ಭಯ ನನ್ನನ್ನು ಬಿಟ್ಟಿರಲಿಲ್ಲ. ಆದರೆ ನಾನು ಹೋದ ಮೊದಲ ಮನೆಯಲ್ಲೇ, ಹೆರಿಗೆ ಸಾಮಾನು ಅಡುಗೆ ಒಲೆಯ ಮೇಲಿಟ್ಟರೆ ಮೈಲಿಗೆ ಎಂದುಬಿಟ್ಟರು. ಅವತ್ತಿನಿಂದ ಸ್ಟವ್ ಹೊತ್ತೆ. ಯಾವ ಸ್ಟವ್ ಒಳ್ಳೆಯದು ಅನ್ನುವುದು ಮಾತ್ರ ಬಗೆಹರಿಯಲಿಲ್ಲ.

ಬತ್ತಿ ಸ್ಟವ್

ಜಗಳೂರು ಕಡೆಯ ಒಂದು ಹಳ್ಳಿ. ಗಾಳಿಗೆ ಬತ್ತಿ ಆರುವುದು, ನಾನು ಮತ್ತೆ ಹಚ್ಚುವುದು. ನೀರು ಬೆಚ್ಚಗಾಗುವಷ್ಟರಲ್ಲಿ ಕೂಸು ಬಂದೇಬಿಟ್ಟಿತು. ಚೆನ್ನಾಗಿ ಅತ್ತಿತು, ಮೈ ಕೆಂಪಗಿತ್ತು, ಹಾಗಾಗಿ ಕಾಯಬಹುದಿತ್ತು. ಕತ್ತರಿ ಕುದಿಯುವ ತನಕ ಬಳ್ಳಿ ಮುಟ್ಟುವುದಿಲ್ಲ ಎಂದು ಹಟ ಹಿಡಿದು ಕೂತೆ. ಮನೆಯ ಅಜ್ಜಿ ಕುಡುಗೋಲು ಹಿಡಿದು ಎದುರಿಗೇ ಕೂತಳು. ಏನೂ ಬಾರದವಳನ್ನು ಕಳಿಸಿದ್ದಾರೆ ಎಂದು ಬಾಗಿಲಲ್ಲಿ ಗುಸುಗುಸು. ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದೆವು. ಕೊನೆಗೂ ಕುದಿಯಿತು, ಕತ್ತರಿಸಿದೆ.

ಅಜ್ಜಿ ಕುಡುಗೋಲು ಕೆಳಗಿಟ್ಟು ಸೊಸೆಗೆ ಹೇಳಿದಳು: "ಪಾಪ, ಧೈರ್ಯ ಬರಾಕೆ ಇಷ್ಟೊತ್ತು ಬೇಕಾತು ಹುಡುಗಿಗೆ."

ಪಂಪ್ ಸ್ಟವ್

ಬತ್ತಿಯ ಸಹವಾಸ ಸಾಕೆಂದು ಹೊನ್ನಾಳಿಯಲ್ಲಿ ಹಿತ್ತಾಳೆಯ ಪಂಪ್ ಸ್ಟವ್ ಕೊಂಡೆ. ಸಾಸ್ವೆಹಳ್ಳಿ ಹತ್ತಿರದ ಒಂದು ಶಾಲೆಯ ಜಗಲಿ, ಚುಚ್ಚುಮದ್ದಿಗೆ ಮಕ್ಕಳ ಸಾಲು. ಬರ್ನರ್ ಕಾಯುವ ಮೊದಲೇ ಪಂಪ್ ಹೊಡೆದೆ. ಉರಿ ಭುಸ್ಸೆಂದು ಎದ್ದು ನನ್ನ ಮುಂಗೂದಲು ಸುಟ್ಟಿತು. ಹೇಗೋ ಗಾಳಿ ಬಿಟ್ಟು ಆರಿಸಿ ತಿರುಗಿ ನೋಡಿದರೆ ಮಕ್ಕಳೆಲ್ಲ ಅಲ್ಲೇ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಇಲ್ಲದವರು ಹೆಡ್‌ಮಾಸ್ತರು ಮಾತ್ರ.

ಅರ್ಧ ಗಂಟೆಯ ಮೇಲೆ ಗದ್ದೆಯ ಕಡೆಯಿಂದ ಬಂದರು. ಓಡಿಹೋದ ಮಕ್ಕಳನ್ನು ಹುಡುಕಲು ಹೋಗಿದ್ದರಂತೆ.

ಸ್ಪಿರಿಟ್ ಸ್ಟವ್

ಮೂರನೆಯದು ಅಂಗೈಯಗಲದ್ದು, ಸದ್ದಿಲ್ಲ, ಹೊಗೆಯಿಲ್ಲ. ನ್ಯಾಮತಿಯಿಂದ ಗೋವಿನಕೋವಿಗೆ ನಡೆದು ಹೋಗಿ, ಏಳು ತಿಂಗಳ ಬಸುರಿಯೊಬ್ಬಳ ಮನೆಯಂಗಳದಲ್ಲಿ ಸಿರಿಂಜು ಕುದಿಯಲಿಟ್ಟೆ. ಅವಳಿಗೆ ಧನುರ್ವಾಯು ಚುಚ್ಚುಮದ್ದು ಹಾಕದೆ ಊರು ಬಿಡಬಾರದೆಂದು ನಿಶ್ಚಯಿಸಿದ್ದೆ. ಸ್ಪಿರಿಟ್ಟಿನ ಉರಿ ಬಿಸಿಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಬೆಂಕಿಯೇ ಇಲ್ಲದೆ ನೀರು ಕುದಿಯುತ್ತಿದೆ ಎಂದು ಕೇರಿಗೆ ಕೇರಿಯೇ ಬಂದು ಕೈಮುಗಿಯಿತು. ಬಸುರಿ ಸೂಜಿ ನೋಡಿ ಬೆವತಳು.

"ಸೂಜಿ ಬ್ಯಾಡ್ರಿ ನರ್ಸಮ್ಮ, ಆ ನೀರೇ ಕೊಡ್ರಿ" ಎಂದಳು.

ನೀರನ್ನೂ ಕೊಟ್ಟೆ, ಸೂಜಿಯನ್ನೂ ಚುಚ್ಚಿದೆ. ಮುಂದಿನ ವಾರ ನಾಲ್ಕು ಜನ ಚೊಂಬು ಹಿಡಿದು ಬಂದರು.

ಉಬ್ರಾಣಿಯ ಮನೆ

ಕತ್ತರಿ, ಬಟ್ಟೆ ಎಲ್ಲ ಕುದಿಸಲು ಸ್ಪಿರಿಟ್ ಸಾಲದು. ಹಾಗಾಗಿ ಉಬ್ರಾಣಿಗೆ ಮತ್ತೆ ಪಂಪ್ ಸ್ಟವ್ ಹೊತ್ತು, ಚನ್ನಗಿರಿಯಿಂದ ಬಸ್ಸು ಹಿಡಿದು ಹೋದೆ. ಆ ಮನೆಯ ಹಿರಿಸೊಸೆಗೂ ನಾನೇ ಹೆರಿಗೆ ಮಾಡಿಸಿದ್ದೆ, ಈಗ ಕಿರಿಯವಳದು ಚೊಚ್ಚಲು. ನೋವು ಒಂದರ ಹಿಂದೊಂದು ಬರುತ್ತಿತ್ತು. ಅಂಗಳದಲ್ಲಿ ಸ್ಟವ್‌ಗೆ ಕಟ್ಟಿದ ತೂತು ಬಿಡಿಸಲು ಪಿನ್ ಹಾಕಿದೆ, ಪಿನ್ ಮುರಿದು ತೂತಿನಲ್ಲೇ ಕೂತಿತು. ಕುಟ್ಟಿದೆ, ಊದಿದೆ, ಬೈದೆ. ಒಳಗೆ ಹುಡುಗಿ ಕೂಗಿದಳು. ಆ ಸೆಟೆದ ಕೂಸಿನ ಮುಖ ಕಣ್ಣ ಮುಂದೆ ಬಂದು ನನಗೆ ಅಳುವೇ ಬಂತು.

ಅತ್ತೆ ಕಂಬಕ್ಕೊರಗಿ ಸುಮ್ಮನೆ ನೋಡುತ್ತಿದ್ದಳು. ನಾಚಿಕೆ ಬಿಟ್ಟು, ಇವತ್ತೊಂದು ದಿನ ಒಲೆ ಕೊಡಿ ಎಂದು ಬೇಡಿಕೊಂಡೆ.

"ಬಚ್ಚಲ ಒಲೆ ಉರೀತಾನೇ ಐತಲ್ರಿ, ಆಗ್ತೈತೇನು?" ಎಂದಳು.

ಕತ್ತರಿ, ದಾರ, ಬಟ್ಟೆ ಎಲ್ಲ ಹತ್ತು ಹೆಜ್ಜೆ ದೂರದಲ್ಲಿ ಕೊತಕೊತ ಕುದಿದವು. ಗಂಡು ಕೂಸು, ತಾಯಿ ಮಗು ಇಬ್ಬರೂ ಕ್ಷೇಮ. ಬೆವರು ಒರೆಸಿಕೊಂಡು, ಹೋದ ಸಲವೇ ಇದನ್ನು ಯಾಕೆ ಹೇಳಲಿಲ್ಲ ಎಂದು ಜಗಳಕ್ಕೇ ನಿಂತೆ.

ಅವಳು ತಲೆ ತಗ್ಗಿಸಿದಳು. "ಬೆಂಕೀನೂ ಸೈತ ಮನೆಯಿಂದ ಹೊತ್ಕೊಂಡು ಬರ್ತೀರಿ. ನಮ್ಮ ಒಲೆ ನಿಮಗೆ ಮೈಲಿಗೆ ಅಂತ ತಿಳ್ಕಂಡಿದ್ವಿ. ಹೆಂಗೆ ಕೇಳಾದು?"

ಮೂರು ವರ್ಷದಿಂದ ಪ್ರತಿ ಮನೆಯಲ್ಲೂ ಮೊದಲು ಬಚ್ಚಲಿಗೆ ಹೋಗಿ, ಉರಿಯುವ ಒಲೆಯ ಮೇಲಿನ ಹಂಡೆಯಿಂದ ಬಿಸಿನೀರು ಮೊಗೆದು ಚೆನ್ನಾಗಿ ಕೈ ತೊಳೆದುಕೊಂಡು, ಆಮೇಲೆ ಅಂಗಳಕ್ಕೆ ಬಂದು ಸ್ಟವ್ ಹಚ್ಚಲು ಕೂರುತ್ತಿದ್ದವಳು ನಾನೇ.